ಮೇಷ್ಟ್ರ ಮೂರು ವಾಕ್ಯ

ಕೊನೆಯ ನೆಂಟರು ಹೊರಟ ಮರುದಿನ ಬೆಳಿಗ್ಗೆ ಎಂದಿನಂತೆ ಆರೂವರೆಗೆ ಎದ್ದೆ. ನಲ್ಲಿಯಲ್ಲಿ ನೀರು ಬರುತ್ತಿತ್ತು. ಹಾಲಿನವನು ಪ್ಯಾಕೆಟ್ಟನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಹೋಗಿದ್ದ. ನನ್ನ ಗಂಡನ ಅಂತ್ಯಕ್ರಿಯೆ ಮುಗಿದು ಎಂಟು ದಿನವಾಗಿತ್ತು. ಬಟ್ಟೆಗೆ ಇಸ್ತ್ರಿ ಹಾಕಿಕೊಂಡೆ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು.

"ಎಲ್ಲಿಗೆ?"

"ಕೆಲಸಕ್ಕೆ ಅತ್ತೆ."

"ಇಷ್ಟು ಬೇಗ ಹೊರಟ್ರೆ ನೋಡಿದೋರು ಏನಂತಾರೆ?"

"ಅನ್ನೋರು ಸಂಜೆ ಬರ್ಲಿ. ಐದೂವರೆಗೆ ಮನೇಲಿರ್ತೀನಿ."

ಅವರು ನಗಲಿಲ್ಲ. ಡಬ್ಬಿಗೆ ನಾಲ್ಕು ತುಂಡು ಬ್ರೆಡ್ಡು ಹಾಕಿ ಕೈಗಿಟ್ಟರು. "ಇದನ್ನ ಹಾಗೇ ವಾಪಸ್ ತಂದ್ರೆ, ನಾಳೆಯಿಂದ ನಾನೇ ನಿನ್ನ ಆಫೀಸಿಗೆ ಬಂದು ತಿನ್ನಿಸ್ತೀನಿ. ಎಲ್ಲರ ಮುಂದೆ."

ಕೇಳುವುದು ನನ್ನ ಕೆಲಸ. ತುರ್ತು ಸಹಾಯವಾಣಿಯ ಕಟ್ಟಡ. ನನ್ನದು ಕೆಳಗಿನ ಮಹಡಿಯಲ್ಲಿ ಕಿಟಕಿಯಿಲ್ಲದ ಕೋಣೆ. ಮೇಲಿನ ಮಹಡಿಯಲ್ಲಿ ಇಪ್ಪತ್ತು ಜನ ಕೂತು ಫೋನ್ ಎತ್ತುತ್ತಾರೆ. ಬಹುತೇಕ ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಅವರು ತೆಗೆದುಕೊಂಡ ಕರೆಗಳಲ್ಲಿ ದಿನಕ್ಕೆ ಹತ್ತನ್ನು ಯಂತ್ರವೇ ಆರಿಸಿ ನನಗೆ ಕಳಿಸುತ್ತದೆ. ಕೇಳಿ ನಮೂನೆ ತುಂಬಬೇಕು. ವಿಳಾಸ ಕೇಳಲು ಎಷ್ಟು ಸೆಕೆಂಡು ಹಿಡಿಯಿತು, ಎಲ್ಲಿ ಮೌನ, ಎಲ್ಲಿ ಬೇಡದ ಮಾತು. ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಓದಿದ್ದಕ್ಕೆ ಸಿಕ್ಕ ಕೆಲಸ. ನನ್ನ ಗಂಡ ಮೇಲೆ ಹೊಸಬರಿಗೆ ತರಬೇತಿ ಕೊಡುತ್ತಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ರೇಗಿಸಬೇಕೆನಿಸಿದಾಗ ನಾನೂ.

ಆ ದಿನದ ಪಟ್ಟಿಯಲ್ಲಿ ಆರನೆಯ ಕರೆಯಲ್ಲಿ ನನ್ನ ದನಿ ಇತ್ತು.

ಏಳು ನಿಮಿಷ ಮೀರಿದ ಕರೆಯೆಲ್ಲ ತಾನಾಗಿಯೇ ಪಟ್ಟಿ ಸೇರುತ್ತದೆ. ಯಾರ ಗಂಡ, ಯಾರ ಮನೆ ಎಂದು ಯಂತ್ರಕ್ಕೆ ಗೊತ್ತಿಲ್ಲ. ಮನುಷ್ಯರಿಗೆ ಗೊತ್ತಿತ್ತು. ತೆಗೆದುಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನಾನು ಸ್ಪಷ್ಟವಾಗಿ ಮಾತಾಡಿದ್ದೆ. ಗಂಡ ಬಿದ್ದಿದ್ದಾರೆ, ಉಸಿರಾಡುತ್ತಿಲ್ಲ. ಬೀದಿ, ಕಟ್ಟಡ, ಮೂರನೇ ಮಹಡಿ, ಹಸಿರು ಬಾಗಿಲು. ಆ ಕಡೆಯಿಂದ ಒಂದು ಹುಡುಗಿಯ ದನಿ: "ಗಾಡಿ ಹೊರಡ್ತಿದೆ..." ಆಮೇಲೆ, "ಅಕ್ಕಾ? ಮೇಷ್ಟ್ರಾ?"

ಆಮೇಲೆ ಮೌನ. ಹನ್ನೊಂದು ಸೆಕೆಂಡು.

ನನ್ನ ನೆನಪಿನಲ್ಲಿ ಆ ಮೌನ ಇರಲೇ ಇಲ್ಲ. ನೆನಪಿದ್ದದ್ದು ಅದರ ನಂತರದ್ದು. "ಎದೆಯ ನಡುವೆ ಎರಡೂ ಕೈ ಇಡಿ. ಮೊಣಕೈ ಮಡಚಬೇಡಿ. ನನ್ ಜೊತೆ ಎಣಿಸಿ." ಒಂಬತ್ತು ನಿಮಿಷ ಅವಳು ಎಣಿಸಿದ್ದಳು. ದನಿ ಮೂರು ಕಡೆ ಒಡೆದಿತ್ತು. ಎಣಿಕೆ ತಪ್ಪಿರಲಿಲ್ಲ.

ನಮೂನೆ ತುಂಬಿದೆ. ಬೇಡದ ಮಾತು: ಎರಡು ಪದ. ಮೌನ: ಹನ್ನೊಂದು ಸೆಕೆಂಡು. ಎಣಿಕೆ: ಸರಿ. ಸುಳ್ಳು ಬರೆಯಲಿಲ್ಲ. ಕೊನೆಯ ಚೌಕ ಖಾಲಿ ಉಳಿಯಿತು. ಕರೆಯ ನಂತರದ ನಿಯಮ ಪಾಲಿಸಲಾಗಿದೆಯೇ?

ಆ ನಿಯಮ ಮಾಡಿದ್ದು ನನ್ನ ಗಂಡ. ಭಾರದ ಕರೆ ಮುಗಿದ ಮೇಲೆ ಕುರ್ಚಿಯಿಂದ ಎದ್ದೇಳಬೇಕು. ಮೊಣಕೈವರೆಗೆ ತಣ್ಣೀರಲ್ಲಿ ಕೈ ತೊಳೆಯಬೇಕು. ಒಬ್ಬರಿಗೆ ಮೂರು ವಾಕ್ಯ ಹೇಳಬೇಕು: ಏನಾಯ್ತು, ನಾನೇನು ಮಾಡಿದೆ, ಈಗ ನನ್ನ ಮೈಯಲ್ಲಿ ಏನಾಗ್ತಿದೆ. ನಾಲ್ಕನೆಯದು ಹೇಳುವಂತಿಲ್ಲ. ಅದು ಯಾವಾಗಲೂ 'ಹಾಗೆ ಮಾಡಿದ್ದಿದ್ದರೆ' ಎಂದೇ ಶುರುವಾಗುತ್ತದೆ ಎನ್ನುತ್ತಿದ್ದರು. ಆಮೇಲೆ ಏನಾದರೂ ತಿನ್ನಬೇಕು. ಅದೇ ದಿನ ಇನ್ನೊಂದು ಕರೆ ಎತ್ತಬೇಕು.

ಚೌಕ ತುಂಬಲು ಮೇಲೆ ಹೋದೆ.

ಮೇಲಿನ ಮಹಡಿಯ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ. ಮೂವತ್ತು ವರ್ಷದಿಂದ ಅಲ್ಲೇ ಇದ್ದಾರೆ. ನನ್ನನ್ನು ನೋಡಿ ಕನ್ನಡಕ ತೆಗೆದರು.

"ಯಾಕಮ್ಮ ಬಂದೆ? ಇನ್ನೊಂದು ವಾರ ಮನೇಲಿ ಕೂರೋದಲ್ವಾ?"

"ಭಾನುವಾರದ ನನ್ನ ಕರೆ ಎತ್ತಿದ್ದು ಯಾರು?"

ಅವರು ಮೂಲೆಯ ಕಡೆ ಕಣ್ಣು ಹಾಯಿಸಿದರು. ಅಲ್ಲಿ ಒಬ್ಬಳು ಹುಡುಗಿ ಹಳೆಯ ಕಡತಗಳಿಗೆ ಚೀಟಿ ಅಂಟಿಸುತ್ತ ಕೂತಿದ್ದಳು. ಅವಳ ಅಡ್ಡಹೆಸರು ಪಟಾಕಿ. ಒಂದು ಮಾತಿಗೆ ಹತ್ತು ಮಾತು ಸಿಡಿಸುವವಳು ಎಂದು ಬಂದ ಮೊದಲ ವಾರವೇ ಆ ಹೆಸರು ಬಿದ್ದಿತ್ತು.

"ಅವತ್ತಿಂದ ಒಂದು ಕರೇನೂ ಎತ್ತಿಲ್ಲ," ದೊಡ್ಡಮ್ಮ ಅಂದರು. "ಫೋನ್ ರಿಂಗಾದ್ರೆ ಎದ್ದು ಹೋಗ್ತಾಳೆ. ತಿಂಗಳ ಕೊನೆ ಒಳಗೆ ಎತ್ತದೇ ಇದ್ರೆ ತರಬೇತಿ ರದ್ದು. ನಿಯಮ ನಂದಲ್ಲ, ಮೇಲಿನವರದು. ಇನ್ನು ಹನ್ನೆರಡು ದಿನ."

ಹತ್ತಿರದ ಮೇಜಿನಿಂದ ಒಬ್ಬ ಉದ್ದದ ಹುಡುಗ ತಲೆ ಎತ್ತಿದ. ಅವನನ್ನು ಏಣಿ ಅನ್ನುತ್ತಾರೆ. ಮುಂದೆ ಐದು ಖಾಲಿ ಕಾಫಿ ಲೋಟಗಳಿದ್ದವು. "ಪಟಾಕಿ ನೆಂದೋಗಿದೆ ಅಕ್ಕ," ಅಂದ. ತಮಾಷೆಗೆ ಅಂದದ್ದು. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ನಾನು ಹೋಗಿ ಪಟಾಕಿಯ ಎದುರು ಕೂತೆ. ಅವಳು ಚೀಟಿಯನ್ನು ಬೆರಳಿಗೇ ಅಂಟಿಸಿಕೊಂಡಳು.

"ಕರೆ ಮುಗಿದ ಮೇಲೆ ನಿಯಮ ಪಾಲಿಸಿದ್ಯಾ?"

"ಕೈ ತೊಳ್ಕೊಂಡೆ ಅಕ್ಕ."

"ಆಮೇಲೆ?"

"ಆಮೇಲೆ... ಹೇಳ್ಬೇಕಿತ್ತು."

"ಯಾರಿಗೆ ಹೇಳ್ತಿದ್ರಿ ನೀವೆಲ್ಲ?"

"ಮೇಷ್ಟ್ರಿಗೆ."

"ಎಲ್ಲರೂನಾ?"

"ಎಲ್ಲರೂ. ಅವರು ಬಿಟ್ರೆ ಇನ್ಯಾರಿಗೆ ಹೇಳೋದು?"

ನಿಯಮದಲ್ಲಿ 'ಒಬ್ಬರಿಗೆ' ಎಂದಷ್ಟೇ ಇತ್ತು. ಇಪ್ಪತ್ತು ಜನಕ್ಕೂ ಆ ಒಬ್ಬರು ಅವರೇ ಆಗಿಬಿಟ್ಟಿದ್ದರು. ಅವರಿಗೂ ಅದು ಕಾಣಲಿಲ್ಲ, ದೊಡ್ಡಮ್ಮನಿಗೂ ಕಾಣಲಿಲ್ಲ. ಪ್ರತಿ ರಾತ್ರಿ ಊಟದ ಹೊತ್ತಿಗೆ ಅವರು ಸುಸ್ತಾಗಿರುತ್ತಿದ್ದುದು ಏಕೆಂದು ನಾನೂ ಕೇಳಿರಲಿಲ್ಲ. ಆ ಭಾನುವಾರ ಈ ಹುಡುಗಿ ಯಾರಿಗೆ ಹೇಳಬೇಕಿತ್ತೋ ಅವರೇ ನಮ್ಮ ಮನೆಯ ನೆಲದ ಮೇಲಿದ್ದರು.

ಸುತ್ತ ನೋಡಿದೆ. ಎಂಟು ದಿನದ ಕರೆಗಳು ಯಾರ ಬಾಯಿಂದಲೂ ಹೊರಬಿದ್ದಿರಲಿಲ್ಲ. ಒಬ್ಬನ ಕಾಫಿ ಲೋಟಗಳು. ಒಬ್ಬಳ ಉಗುರು ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಮೆಟ್ಟಿಲ ತಿರುವಿನಲ್ಲಿ ಸಿಗರೇಟು ತುಂಡುಗಳ ರಾಶಿ. ಇನ್ನಿಬ್ಬರು ಬಿಡುವಿನಲ್ಲಿ ಗೋಡೆಗೆ ಒರಗಿ, ಕಣ್ಣು ಮಿಟುಕಿಸದೆ ಮೊಬೈಲ್ ಉಜ್ಜುತ್ತಿದ್ದರು.

"ನಂಗೆ ಹೇಳು," ಅಂದೆ.

"ನಿಮಗಾ? ನಿಮಗೆ ಹೇಗಕ್ಕ ಹೇಳ್ಲಿ!"

"ಆ ಕರೇಲಿ ಇದ್ದೋಳು ನಾನೇ. ನಂಗೇನೂ ಹೊಸದಲ್ಲ."

ತುಂಬ ಹೊತ್ತು ಬೆರಳಿಂದ ಚೀಟಿ ಕಿತ್ತಳು.

"ಮೇಷ್ಟ್ರು ಬಿದ್ರು. ನಾನು ಹನ್ನೊಂದು ಸೆಕೆಂಡು ಸುಮ್ನಿದ್ದೆ, ಪರದೆ ಮೇಲೆ ಕಾಣ್ತಿತ್ತು, ಆಮೇಲೆ ಎಣಿಸಿದೆ. ಈಗ ಫೋನ್ ರಿಂಗಾದ್ರೆ ಅಂಗೈ ತಣ್ಣಗಾಗುತ್ತೆ, ಕಿವಿ ಮುಚ್ಕೊಂಡ ಹಾಗಾಗುತ್ತೆ. ಆ ಹನ್ನೊಂದು ಸೆಕೆಂಡು ನಾನು—"

"ನಾಲ್ಕನೇದು ಬೇಡ."

ಅವಳು ಬಾಯಿ ಮುಚ್ಚಿದಳು. ಕಣ್ಣಿಂದ ನೀರು ಇಳಿಯಿತು, ಹಾಗೇ ಬಿಟ್ಟಳು.

"ಗಾಡಿ ಆ ಹನ್ನೊಂದು ಸೆಕೆಂಡಿಗೂ ಮುಂಚೇನೇ ಹೊರಟಿತ್ತು," ಅಂದೆ. "ಅವರು ಬೀಳೋಷ್ಟರಲ್ಲೇ ಮುಗಿದಿತ್ತು ಅಂತ ಡಾಕ್ಟರು ಹೇಳಿದ್ರು. ಇದು ಸಮಾಧಾನಕ್ಕೆ ಹೇಳ್ತಿಲ್ಲ. ನಿನಗೆ ಗೊತ್ತಿರ್ಲಿ ಅಂತ."

"ನಿಮ್ದು ಹೇಳಿ ಅಕ್ಕ."

"ನಂದಾ?"

"ನೀವೂ ಆ ಕರೇಲಿದ್ರಲ್ಲ."

ಎರಡು ಹೇಳಿದೆ. ನನ್ನ ಗಂಡ ಹೋದರು. ನಾನು ಒತ್ತಿದೆ. ಮೂರನೆಯದು ಬರಲಿಲ್ಲ. ಮೈಯಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ.

"ಗೊತ್ತಾಗ್ತಿಲ್ಲ," ಅಂದೆ.

"ಗೊತ್ತಾಗ್ತಿಲ್ಲ ಅನ್ನೋದೂ ಲೆಕ್ಕಕ್ಕೆ ಬರುತ್ತೆ ಅಂತಿದ್ರು ಮೇಷ್ಟ್ರು."

"ಅವರಿಗೇನು, ಎಲ್ಲಾದಕ್ಕೂ ಒಂದು ಉತ್ತರ ಇಟ್ಕೊಂಡಿರ್ತಿದ್ರು."

ಅವಳು ನಕ್ಕಳು. ನಕ್ಕಿದ್ದಕ್ಕೆ ಹೆದರಿ ನನ್ನ ಮುಖ ನೋಡಿದಳು. ಡಬ್ಬಿ ತೆಗೆದು ನಡುವೆ ಇಟ್ಟೆ. ಬ್ರೆಡ್ಡು ಒಣಗಿತ್ತು. ಇಬ್ಬರೂ ತಿಂದೆವು.

"ಈ ಕೆಲಸ ಬಿಟ್ರೆ ಏನು ಮಾಡ್ತೀಯ?" ಕೇಳಿದೆ.

"ಬಿಡಲ್ಲ ಅಕ್ಕ. ಶಾಲೇಲಿ ಮಾತಾಡ್ತೀನಿ ಅಂತ ಹೊರಗೆ ನಿಲ್ಲಿಸ್ತಿದ್ರು. ಇಡೀ ಊರಲ್ಲಿ ಮಾತಿಗೆ ಸಂಬಳ ಕೊಡೋದು ಇದೊಂದೇ ಜಾಗ." ಮತ್ತೆ ಮೆಲ್ಲಗೆ, "ಆದ್ರೆ ಕೈ ಮುಂದಕ್ಕೇ ಹೋಗಲ್ಲ."

ಮರುದಿನ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದೆ. ಇಪ್ಪತ್ತು ಜನ, ಹತ್ತು ಜೋಡಿ. ಮೂರು ವಾಕ್ಯ ಇನ್ನು ಮೇಲೆ ಜೋಡಿಗೆ. ಜೋಡಿ ಪ್ರತಿ ವಾರ ಬದಲು, ಇನ್ನೊಮ್ಮೆ ಯಾರೂ 'ಆ ಒಬ್ಬರು' ಆಗದಿರಲಿ ಎಂದು. ಮೂರು ವಾಕ್ಯಕ್ಕೆ ಮೀರಿದ ಭಾರವಿದ್ದರೆ ಆಸ್ಪತ್ರೆಯ ಆಪ್ತಸಲಹೆಗಾರ್ತಿ ವಾರಕ್ಕೆರಡು ದಿನ ಬರುವಂತೆ ದೊಡ್ಡಮ್ಮ ಒಪ್ಪಿಸಿದರು.

ಏಣಿ ಹಾಳೆಯ ಮುಂದೆ ನಿಂತು ತಲೆ ಕೆರೆದುಕೊಂಡ. "ಹುಡುಗ್ರು ಇದೆಲ್ಲ ಹೇಳ್ಕೊಳ್ಳಲ್ಲ ಅಕ್ಕ."

"ಮೆಟ್ಟಿಲ ಮೇಲೆ ಹೊಗೆ ಬಿಡ್ತಾ ಏನು ಮಾಡ್ತೀಯ?"

"ಸುಮ್ನೆ. ಯೋಚನೆ."

"ಯಾವ ಯೋಚನೆ?"

"ಹಾಗೆ ಮಾಡಿದ್ದಿದ್ರೆ ಅಂತ."

"ಅಂದ್ರೆ ನಾಲ್ಕನೇ ವಾಕ್ಯ ನಿಂಗೆ ಬಾಯಿಪಾಠ. ಮೊದಲ ಮೂರೇ ಬಿಟ್ಟುಹೋಗಿರೋದು."

ಆ ಮಧ್ಯಾಹ್ನ ಅವನು ತನ್ನ ಜೋಡಿಯ ಎದುರು ಕೂತು, ನೆಲ ನೋಡುತ್ತ, ಮೂರು ಹೇಳಿದ. ಕಾಫಿ ಐದರಿಂದ ಎರಡಕ್ಕೆ ಇಳಿಯಲು ಒಂದು ವಾರ ಹಿಡಿಯಿತು.

ಪಟಾಕಿಯದು ಬೇರೆ ದಾರಿ. ಮೊದಲ ಎರಡು ದಿನ ಬಳಕೆಯಲ್ಲಿಲ್ಲದ ಫೋನೊಂದನ್ನು ಅವಳ ಮುಂದಿಟ್ಟು ದನಿ ತಗ್ಗಿಸಿ ರಿಂಗ್ ಮಾಡಿಸಿದೆ. ಎತ್ತುವಂತಿಲ್ಲ, ಎದ್ದು ಹೋಗುವಂತಿಲ್ಲ. ಉಸಿರು ಒಳಗೆ ನಾಲ್ಕೆಣಿಕೆ, ಹೊರಗೆ ಆರೆಣಿಕೆ. ಅಂಗೈ ಬೆಚ್ಚಗಾಗುವವರೆಗೆ. ಮೂರನೆಯ ದಿನ ದನಿ ಏರಿಸಿದೆ. ಐದನೆಯ ದಿನ ಏಣಿಯ ಪಕ್ಕ ಕೂತು ಅವನ ಕರೆಗಳನ್ನು ಕೇಳಿದಳು, ಬರೀ ಕೇಳಿದಳು. ಸಂಜೆ ಬಸ್ಸು ಬಿಟ್ಟು ಇಬ್ಬರೂ ನಡೆದೇ ಹೋಗುತ್ತಿದ್ದೆವು. ದಾರಿಯುದ್ದಕ್ಕೂ ಅವಳು ಮಾತಾಡುತ್ತಿದ್ದಳು. ರಾತ್ರಿ ಅವಳಿಗೆ ಮತ್ತೆ ನಿದ್ದೆ ಬರತೊಡಗಿತು.

ಆರನೆಯ ದಿನ ದೊಡ್ಡಮ್ಮ ಬೀರುವಿನಿಂದ ರಬ್ಬರ್ ಗೊಂಬೆಯನ್ನು ಎಳೆದು ತಂದರು. ತಲೆ ಮತ್ತು ಎದೆ ಮಾತ್ರ ಇರುವ ಮನುಷ್ಯ. ಎದೆಯನ್ನು ಸರಿಯಾದಷ್ಟು ಒತ್ತಿದರೆ ಒಳಗೆ ಟಿಕ್ ಎನ್ನುತ್ತದೆ. ಹುಡುಗರು ಅದಕ್ಕೆ ಭಾವ ಎಂದು ಹೆಸರಿಟ್ಟಿದ್ದರು.

"ಭಾವ ಯಾಕೆ?" ಕೇಳಿದೆ.

"ಮನೆಗೆ ಬಂದು ತಿಂಗಳುಗಟ್ಟಲೆ ಬಿದ್ಕೊಂಡಿದ್ದಾರೆ," ಏಣಿ ಅಂದ. "ಒಂದು ಕೆಲಸ ಇಲ್ಲ. ಹೋಗಿ ಅನ್ನೋಕೂ ಆಗಲ್ಲ."

"ಇದು ನಮ್ದಲ್ಲ," ಅಂದರು ದೊಡ್ಡಮ್ಮ. "ನಿನ್ನ ಯಜಮಾನರು ನರ್ಸಿಂಗ್ ಶಾಲೆಯಿಂದ ಎರಡು ದಿನಕ್ಕೆ ಅಂತ ತಂದ್ರು. ನಾಲ್ಕು ತಿಂಗಳಾಯ್ತು. ಆ ಪ್ರಾಂಶುಪಾಲರು ಫೋನ್ ಮಾಡಿದಾಗೆಲ್ಲ ನಾನು ದನಿ ಬದಲಾಯಿಸಿ ಮಾತಾಡ್ತೀನಿ."

ಭಾವನನ್ನು ನೆಲಕ್ಕೆ ಮಲಗಿಸಿದರು. ಪಟಾಕಿ ಎಣಿಸಬೇಕು, ಇನ್ನೊಬ್ಬರು ಒತ್ತಬೇಕು. ಒತ್ತಲು ನಾನು ಮಂಡಿಯೂರಿದೆ. ಯಾರೂ ಹೇಳಿರಲಿಲ್ಲ. ಕೈ ಇಟ್ಟೆ. ತೆಗೆದೆ. ಮತ್ತೆ ಇಟ್ಟೆ.

"ಒಂದು," ಅಂದಳು ಪಟಾಕಿ. "ಎರಡು. ಮೂರು. ಅಕ್ಕ, ಮೊಣಕೈ ಮಡಚ್ತಿದೆ."

ನೆಟ್ಟಗೆ ಮಾಡಿದೆ. ಟಿಕ್. ಟಿಕ್. ಟಿಕ್. ನೂರಕ್ಕೆ ಬಂದಾಗ ಭುಜ ಉರಿಯುತ್ತಿತ್ತು. ಎದ್ದು ಕೈ ತೊಳೆದುಕೊಂಡು ಬಂದೆ. "ಭುಜ ಉರೀತಿದೆ," ಅಂದೆ. ಹಲವು ದಿನಗಳಲ್ಲಿ ನನ್ನ ಮೈಯಲ್ಲಿ ಏನಾಗುತ್ತಿದೆ ಎಂದು ನನಗೆ ತಿಳಿದದ್ದು ಅದೇ ಮೊದಲು. ಪಟಾಕಿ ಕೇಳಿ ತಲೆಯಾಡಿಸಿದಳು, ಥೇಟ್ ಮೇಷ್ಟ್ರಂತೆ.

ಹತ್ತನೆಯ ದಿನ, ಮಧ್ಯಾಹ್ನ ಮೂರು ಗಂಟೆ. ಪಟಾಕಿ ತನ್ನ ಮೇಜಿನಲ್ಲಿದ್ದಳು. ನಾನು ಪಕ್ಕದಲ್ಲಿ, ಪರಿಶೀಲಕರ ಹೆಡ್‌ಫೋನ್ ಹಾಕಿಕೊಂಡು. ಉಳಿದವರೆಲ್ಲ ಕರೆಗಳಲ್ಲಿದ್ದರು. ಅವಳ ಮುಂದಿನ ದೀಪ ಮಿನುಗಿತು.

ಒಂದು ರಿಂಗ್. ಅವಳು ನನ್ನ ಕಡೆ ನೋಡಿದಳು. ನಾನು ಪರದೆಯ ಕಡೆ ನೋಡಿದೆ. ಎರಡನೇ ರಿಂಗ್. ಉಸಿರು ಹೊರಬಿಟ್ಟ ಸದ್ದು ಕೇಳಿಸಿತು. ಕೈ ಮುಂದಕ್ಕೆ ಹೋಯಿತು.

"ತುರ್ತು ಸಹಾಯವಾಣಿ. ನೀವು ಎಲ್ಲಿದ್ದೀರಿ?"

ಆ ಕಡೆ ಒಬ್ಬ ಪುಟ್ಟ ಹುಡುಗಿಯ ದನಿ, ಹದಿಮೂರು ಹದಿನಾಲ್ಕು ಇರಬಹುದು. "ಅಪ್ಪ ಬಿದ್ದೋಗಿದ್ದಾರೆ. ಅಂಗಡೀಲಿ. ಮಾತಾಡ್ತಿಲ್ಲ. ನೀಲಿ ಆಗ್ತಿದ್ದಾರೆ."

ನನ್ನ ಬೆನ್ನು ನೆಟ್ಟಗಾಯಿತು. ದೊಡ್ಡಮ್ಮ ಕರೆ ಬದಲಾಯಿಸಿಕೊಳ್ಳಲು ಕೈ ಚಾಚಿದರು. ಪಟಾಕಿ ಅಂಗೈ ಎತ್ತಿ ಬೇಡ ಎಂದಳು.

"ಯಾವ ಬೀದಿ ಪುಟ್ಟಿ? ಅಂಗಡಿ ಹೆಸರು? ಬಟ್ಟೆ ಹೊಲಿಯೋ ಅಂಗಡಿನಾ? ಸರಿ. ಗಾಡಿ ಹೊರಟಿದೆ. ನೀನು ಫೋನ್ ಜೋರು ಮಾಡಿ ನೆಲದ ಮೇಲಿಡು. ಅಪ್ಪನ ಎದೆ ನಡುವೆ ಒಂದು ಅಂಗೈ ಇಡು, ಅದರ ಮೇಲೆ ಇನ್ನೊಂದು."

"ನಂಗೆ ಬರಲ್ಲ ಅಕ್ಕ."

"ನಂಗೂ ಬರ್ತಿರ್ಲಿಲ್ಲ. ಕೈ ನೆಟ್ಟಗಿಡು. ನಿನ್ನ ಭಾರ ಎಲ್ಲ ಹಾಕು. ನೋವಾಗುತ್ತೆ ಅಂತ ನೋಡ್ಬೇಡ. ನಾನು ಎಣಿಸ್ತೀನಿ, ನೀನು ಒತ್ತು. ಒಂದು, ಎರಡು, ಮೂರು—"

ಮೌನ ಇರಲಿಲ್ಲ. ಒಂದು ಸೆಕೆಂಡೂ ಇರಲಿಲ್ಲ. ಎಣಿಕೆ ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟ ಹಾಗೆ ಸಾಗಿತು. ಆ ಮಗು ಅಳುತ್ತಲೇ ಒತ್ತಿತು. "ಅಳು, ಪರವಾಗಿಲ್ಲ," ಪಟಾಕಿ ಅಂದಳು, "ಕೈ ಮಾತ್ರ ನಿಲ್ಲಿಸ್ಬೇಡ. ಇಪ್ಪತ್ತೊಂದು, ಇಪ್ಪತ್ತೆರಡು." ಎರಡನೇ ನಿಮಿಷ ಪಕ್ಕದ ಅಂಗಡಿಯವನೊಬ್ಬ ಓಡಿ ಬಂದ. ಅವನಿಗೂ ಹೇಳಿಕೊಟ್ಟಳು, ಇಬ್ಬರನ್ನೂ ಸರದಿಯಲ್ಲಿ ಒತ್ತಿಸಿದಳು. ಕೋಣೆಯಲ್ಲಿ ಒಬ್ಬೊಬ್ಬರಾಗಿ ಕರೆ ಮುಗಿಸಿದವರು ಎದ್ದು ನಿಂತರು. ಏಣಿಯ ತುಟಿ ಎಣಿಕೆಗೆ ಸರಿಯಾಗಿ ಆಡುತ್ತಿತ್ತು.

ಆರನೇ ನಿಮಿಷ ಬಾಗಿಲು ಬಡಿದ ಸದ್ದು, ಬೂಟುಗಳ ಸದ್ದು. ಯಂತ್ರದ ಬೀಪ್. ಯಾರೋ "ದೂರ ಸರೀರಿ" ಅಂದರು. ಮತ್ತೆ ಮೌನ. ಈ ಮೌನ ನಮ್ಮದಲ್ಲ, ಆ ಕಡೆಯದು. ಪಟಾಕಿ ಮೇಜಿನ ಅಂಚು ಹಿಡಿದಿದ್ದಳು. ನಾನು ಅವಳ ಮುಂಗೈ ಹಿಡಿದಿದ್ದೆ.

"ನಾಡಿ ಸಿಕ್ತು," ಒಬ್ಬ ಗಂಡಸಿನ ದನಿ. "ಉಸಿರಾಡ್ತಿದ್ದಾರೆ. ಯಾರು ಒತ್ತಿದ್ದು, ನೀನಾ? ಭೇಷ್ ಮಗಳೇ."

ಕೋಣೆಯಲ್ಲಿ ಎದ್ದ ಸದ್ದು ಕೆಳಮಹಡಿಗೂ ಕೇಳಿಸಿರಬೇಕು. ಏಣಿ ಕುರ್ಚಿಯ ಮೇಲೆ ಹತ್ತಿದ್ದ, ಅಷ್ಟು ಉದ್ದ ಸಾಲದೆಂಬಂತೆ. ದೊಡ್ಡಮ್ಮ "ಬೇರೆ ಕರೆ ಇದೆ, ಬಾಯಿ ಮುಚ್ರೋ!" ಎನ್ನುತ್ತ ತಾವೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು. ಪಟಾಕಿ ಒಂದು ಕಿವಿ ಮುಚ್ಚಿಕೊಂಡು ಫೋನಿನಲ್ಲೇ ಇದ್ದಳು.

"ಪುಟ್ಟಿ, ಕೇಳಿಸ್ತಿದ್ಯಾ? ಈಗ ತಣ್ಣೀರಲ್ಲಿ ಕೈ ತೊಳ್ಕೋ, ಮೊಣಕೈವರೆಗೆ. ಅಮ್ಮ ಬಂದ್ಮೇಲೆ ಅವರಿಗೆ ಮೂರೇ ಮೂರು ಮಾತು ಹೇಳು. ಏನಾಯ್ತು, ನೀನೇನು ಮಾಡಿದೆ, ಮೈಯಲ್ಲಿ ಹೇಗಾಗ್ತಿದೆ. ಆಮೇಲೆ ಏನಾದ್ರೂ ತಿನ್ನು. ಆಯ್ತಾ?"

ಫೋನ್ ಇಟ್ಟಳು. ಎದ್ದಳು. ಕೈ ತೊಳೆದು ಬಂದಳು. ನನ್ನ ಹತ್ತಿರ ಬರಲಿಲ್ಲ. ಆ ವಾರದ ಅವಳ ಜೋಡಿ ಏಣಿ. ಅವನ ಎದುರು ನಿಂತಳು.

"ಒಬ್ಬ ದರ್ಜಿ ಅಂಗಡೀಲಿ ಬಿದ್ರು. ಅವರ ಮಗಳು ಒತ್ತಿದ್ಳು, ನಾನು ಎಣಿಸ್ದೆ. ನಂಗೆ ಭಯಂಕರ ಹಸಿವಾಗ್ತಿದೆ."

"ನಾಲ್ಕನೇದು?" ಅವನು ಕೆಣಕಿದ.

"ನಾಲ್ಕನೇದು, ನಿನ್ನ ಡಬ್ಬಿ ಕೊಡು."

ನಾಲ್ಕೂಕಾಲಿಗೆ ಇನ್ನೊಂದು ಕರೆ ಎತ್ತಿದಳು. ಮೆಟ್ಟಿಲು ಜಾರಿ ಕಾಲು ಉಳುಕಿಸಿಕೊಂಡ ಹೆಂಗಸೊಬ್ಬರು. ಅವರ ಜೊತೆ ಒಂದಕ್ಕೆ ಹತ್ತು ಮಾತಾಡಿದಳು.

ಆ ಸಂಜೆ ಮನೆಗೆ ಹೋಗಿ ಅತ್ತೆಯ ಎದುರು ಕೂತೆ. "ಒಬ್ಬರು ಬದುಕಿದ್ರು ಅತ್ತೆ. ನಾನು ಆ ಹುಡುಗಿ ಕೈ ಹಿಡ್ಕೊಂಡಿದ್ದೆ. ನಂಗೆ ಸಂತೋಷ ಆಯ್ತು, ಅದಕ್ಕೇ ಎದೆ ನೋಯ್ತಿದೆ."

ಅತ್ತೆ ಲೋಟ ಕೆಳಗಿಟ್ಟರು. "ನಾನೂ ಹೇಳ್ಬಹುದಾ?" ಅಂದರು. ಹೇಳಿದರು. ಮೂರು ಮೀರಿತು. ನಾನು ತಡೆಯಲಿಲ್ಲ.

ತಿಂಗಳ ಕೊನೆಗೆ ಪಟಾಕಿಯ ತರಬೇತಿ ಮುಗಿದ ಪತ್ರ ಬಂತು. ಅದೇ ದಿನ ಜೋಡಿಗಳ ಹಾಳೆಗೆ ದೊಡ್ಡಮ್ಮ ಮುದ್ರೆ ಒತ್ತಿ ಚೌಕಟ್ಟು ಹಾಕಿಸಿದರು. ಮುಂದಿನ ತಂಡಕ್ಕೆ ಹೇಳಿಕೊಡುವವರು ಯಾರು ಎಂದು ಮೇಲಿನವರು ಕೇಳಿದ್ದಕ್ಕೆ ಇಪ್ಪತ್ತು ಹೆಸರು ಬರೆದು ಕಳಿಸಿದರು.

ನರ್ಸಿಂಗ್ ಶಾಲೆಯಿಂದ ಮತ್ತೆ ಫೋನ್ ಬಂತು. ಈ ಸಲ ನಾನೇ ಎತ್ತಿದೆ.

ಭಾವನನ್ನು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಒರಗಿಸಿ ಕೂತೆ. ಕಂಡಕ್ಟರು ಅವನನ್ನೂ ನನ್ನನ್ನೂ ನೋಡಿದ. "ಇವರಿಗೆ ಅರ್ಧ ಟಿಕೆಟ್ಟಾ?"

"ಅರ್ಧವೇ ಇರೋದು, ನೋಡಿ."

ಅವನು ನಗುತ್ತ ಮುಂದೆ ಹೋದ. ನಾನೂ ನಕ್ಕೆ.

ಪ್ರಾಂಶುಪಾಲರು ಬಾಗಿಲಲ್ಲೇ ಕಾಯುತ್ತಿದ್ದರು. "ಎರಡು ದಿನ ಅಂದಿದ್ರು. ನಿಮ್ಮ ಯಜಮಾನರಿಗೆ ಹೇಳಿ, ಇನ್ನೊಂದ್ಸಲ ಕೇಳಿದ್ರೆ ಕೊಡಲ್ಲ."

"ಅವರು ತೀರಿಕೊಂಡ್ರು," ಅಂದೆ. "ಕೇಳೋದಾದ್ರೆ ಇನ್ನು ನಾನೇ ಬರ್ತೀನಿ."

ಆಕೆಯ ಮುಖ ಬಿಳಿಚಿತು. ಗೊಂಬೆಯ ಎದೆಯನ್ನು ಒಮ್ಮೆ ಒತ್ತಿದರು. "ಸ್ಪ್ರಿಂಗು ಸಡಿಲ ಆಗಿದೆ."

"ಇಪ್ಪತ್ತು ಜನ ಒತ್ತಿದ್ದಾರೆ. ನಾನೂ ಒತ್ತಿದ್ದೀನಿ."

"ಅದಕ್ಕೇ ಇರೋದು," ಅಂದರು ಆಕೆ. ವಹಿಯನ್ನು ನನ್ನ ಕಡೆ ತಿರುಗಿಸಿದರು.

ನನ್ನ ಗಂಡನ ಸಹಿ ನಾಲ್ಕು ತಿಂಗಳ ಹಿಂದಿನ ಪುಟದಲ್ಲಿತ್ತು, ಪಡೆದವರು ಎಂಬಲ್ಲಿ. ಪಕ್ಕದ ಖಾಲಿ ಜಾಗದಲ್ಲಿ, ಹಿಂದಿರುಗಿಸಿದವರು ಎಂಬಲ್ಲಿ, ನಾನು ನನ್ನ ಸಹಿ ಹಾಕಿದೆ.